ಸದಸ್ಯರ ಮಾತು, ಸಭೆಯ ನಡಾವಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ ವಾರ್ಡ್ ಸಮಿತಿಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ದೂರನ್ನು ಹೊತ್ತು ತಂದಿವೆ. ತಾವೇ ಆರಿಸಿ ಕಳುಹಿಸಿದ ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿ ಸದಸ್ಯರು ನಾಲ್ಕು ಜನರ ಎದುರು ಕೀಳು ಮಾತನಾಡಿದರೆ ಅವರನ್ನು ಕೇಳುವವರು ಯಾರು ಎಂಬುದು ಆ ದೂರಿನ ಸಾರ. ಪತ್ರ ಬರೆದವರ ಹೆಸರು, ಊರು ಎರಡನ್ನೂ ಕೈಬಿಟ್ಟಿದ್ದೇವೆ. ಸಣ್ಣ ಊರುಗಳಲ್ಲಿ ವಾರ್ಡ್ ಸಂಖ್ಯೆಯೊಂದನ್ನು ಹೇಳಿದರೂ ಮನೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಕುಡಿಯುವ ನೀರಿನ ಕುರಿತು ಕರೆದಿದ್ದ ಸಭೆಯಲ್ಲಿ, ವಾರಕ್ಕೊಮ್ಮೆ ನೀರು ಬಿಟ್ಟರೆ ಸಂಸಾರ ನಡೆಸುವುದು ಹೇಗೆಂದು ನಾನು ಕೇಳಿದೆ. ನಗರಸಭಾ ಸದಸ್ಯರು ಮೈಕಿನಲ್ಲೇ, "ಹೆಂಗಸರು ಬೀದಿಗೆ ಬಂದು ಬಾಯಿ ಮಾಡುವ ಮನೆಗೆ ಎಷ್ಟು ನೀರು ಕೊಟ್ಟರೂ ಸಾಲದು, ಮೊದಲು ಮನೆಯ ಗಂಡಸರನ್ನು ಕಳುಹಿಸಿ" ಎಂದರು. ಕುಳಿತಿದ್ದವರು ನಕ್ಕರು. ವಿಡಿಯೊ ಊರೆಲ್ಲ ಹರಿದಾಡಿದ ಮೇಲೆ "ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ" ಎಂಬ ಹೇಳಿಕೆ ಕೊಟ್ಟು ಸುಮ್ಮನಾದರು. ಅವರ ಸದಸ್ಯತ್ವ ರದ್ದಾಗಬೇಕಾದರೆ ಏನು ಮಾಡಬೇಕು?
– ನಿವೃತ್ತ ಶಿಕ್ಷಕಿ

ಉತ್ತರ: ಸದಸ್ಯತ್ವ ರದ್ದತಿಯಿಂದಲೇ ಶುರುವಾದ ದೂರುಗಳು ಸಾಮಾನ್ಯವಾಗಿ ಅಲ್ಲಿಯೇ ಸಿಕ್ಕಿಕೊಂಡು ನಿಲ್ಲುತ್ತವೆ. ಆದ್ದರಿಂದ ಅವರ ಮಾತು ಯಾವ ಬಗೆಯದು ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳೋಣ. ಅದು ಹೆಣ್ಣುಮಕ್ಕಳನ್ನು ಹೀಗಳೆಯುವ ಮಾತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹೀಗಳೆದದ್ದೆಲ್ಲ ಅಪರಾಧವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ, ಸ್ತ್ರೀಯ ಮಾನಕ್ಕೆ ಅಪಮಾನ ಮಾಡುವ ಉದ್ದೇಶದಿಂದ ಆಡಿದ ಮಾತಿಗೆ ಅಥವಾ ಮಾಡಿದ ಸನ್ನೆಗೆ ಮೂರು ವರ್ಷಗಳವರೆಗೆ ಸಾದಾ ಸಜೆ ವಿಧಿಸಲು ಅವಕಾಶ ಕೊಡುತ್ತದೆ. ಲೈಂಗಿಕ ಧಾಟಿಯ ಮಾತುಗಳಿಗೆ 75ನೇ ಕಲಂ ಇದೆ. ತಮ್ಮ ಸದಸ್ಯರ ಮಾತಿನಲ್ಲಿ ತಿರಸ್ಕಾರವಿದೆ, ಅಹಂಕಾರವಿದೆ, ಆದರೆ ಆ ಧಾಟಿ ಇಲ್ಲ. ಎಳೆದು ತಂದು ಆ ಕಲಮುಗಳ ಕೆಳಗೆ ಕೂರಿಸಿದರೆ ಪ್ರಕರಣ ಬಿದ್ದುಹೋಗುವ ಸಾಧ್ಯತೆಯೇ ಹೆಚ್ಚು, ಆಮೇಲೆ "ಕೋರ್ಟೇ ನನ್ನನ್ನು ಬಿಟ್ಟಿದೆ" ಎಂದು ಅವರು ಮೆರವಣಿಗೆ ಮಾಡಿಸಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಇನ್ನು ಸದಸ್ಯತ್ವದ ವಿಷಯ. ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಪ್ರಕಾರ, ಕರ್ತವ್ಯ ನಿರ್ವಹಣೆಯಲ್ಲಿ ದುರ್ನಡತೆ ತೋರಿದ ಅಥವಾ ನಾಚಿಕೆಗೇಡಿನ ನಡತೆಯ ತಪ್ಪಿತಸ್ಥರಾದ ಸದಸ್ಯರನ್ನು, ಅವರ ಅಹವಾಲು ಕೇಳಿದ ನಂತರ, ರಾಜ್ಯ ಸರ್ಕಾರ ಸದಸ್ಯತ್ವದಿಂದ ತೆಗೆದುಹಾಕಬಹುದು. ಗ್ರಾಮ ಪಂಚಾಯಿತಿ ಸದಸ್ಯರಿಗೆ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಇದೇ ಬಗೆಯ ಉಪಬಂಧವಿದೆ. ಪುರಸಭೆ, ನಗರಸಭೆಗಳ ಮಟ್ಟಿಗೆ ಈ ಅಧಿಕಾರ ಅಧ್ಯಕ್ಷರ ಕೈಯಲ್ಲೂ ಇಲ್ಲ, ಪೌರಾಯುಕ್ತರ ಕೈಯಲ್ಲೂ ಇಲ್ಲ, ಸರ್ಕಾರದ ಕೈಯಲ್ಲಿದೆ. ಸರ್ಕಾರವೆಂದರೆ ಒಂದಲ್ಲ ಒಂದು ಪಕ್ಷ. ಒಂದೇ ಒಂದು ಕೆಟ್ಟ ಮಾತಿಗೆ ಸಾವಿರಾರು ಮತದಾರರ ಆಯ್ಕೆಯನ್ನು ಅಳಿಸುವುದು ಸುಲಭವಾದರೆ ನಾಳೆ ಆಳುವ ಪಕ್ಷಕ್ಕೆ ಸೇರದ ಸದಸ್ಯರೆಲ್ಲರ ಮೇಲೂ ಅದೇ ಕತ್ತಿ ತೂಗುತ್ತದೆ, ಆದ್ದರಿಂದ ಈ ದಾರಿ ಕಠಿಣವಾಗಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅದು ಮತ್ತೆ ಮತ್ತೆ ಹಾಗೆ ನಡೆದುಕೊಂಡವರಿಗೆ ಇರುವ ಕ್ರಮ. "ಮತ್ತೆ ಮತ್ತೆ" ಎಂದು ನಾಳೆ ತೋರಿಸಬೇಕಾದರೆ ಇಂದಿನದು ಕಾಗದದ ಮೇಲೆ ಇರಬೇಕು.

ಜನ ಮರೆಯುವುದು ಇದನ್ನೇ. ವಿಡಿಯೊ ಊರೆಲ್ಲ ಸುತ್ತುತ್ತದೆ, ನಗರಸಭೆಯ ಕಡತಕ್ಕೆ ಮಾತ್ರ ಬರುವುದಿಲ್ಲ. ಅಧ್ಯಕ್ಷರಿಗೆ ಒಂದು ಪುಟದ ದೂರು ಬರೆಯಿರಿ, ಪ್ರತಿಯನ್ನು ಪೌರಾಯುಕ್ತರಿಗೂ ಜಿಲ್ಲಾಧಿಕಾರಿಗಳಿಗೂ ಪೌರಾಡಳಿತ ನಿರ್ದೇಶನಾಲಯಕ್ಕೂ ಕಳುಹಿಸಿ. ದಿನಾಂಕ, ಸ್ಥಳ, ಸಭೆಯನ್ನು ಯಾರು ಕರೆದಿದ್ದರು ಎಂಬುದು, ತಾವು ಕೇಳಿದ ಪ್ರಶ್ನೆ, ಅವರು ಕೊಟ್ಟ ಉತ್ತರ ಇಷ್ಟಿದ್ದರೆ ಸಾಕು. ನಾನು ಓದಿರುವ ಇಂಥ ದೂರುಗಳಲ್ಲಿ ಹತ್ತಕ್ಕೆ ಒಂಬತ್ತು "ಅವಾಚ್ಯ ಶಬ್ದಗಳಿಂದ ಅತ್ಯಂತ ಹೀನಾಯವಾಗಿ ನಿಂದಿಸಿರುತ್ತಾರೆ" ಎಂದು ಬರೆದು ಮುಗಿಸುತ್ತವೆ. ಯಾವ ಶಬ್ದ ಎಂಬುದು ಇಡೀ ಕಡತದಲ್ಲಿ ಎಲ್ಲಿಯೂ ಇರುವುದಿಲ್ಲ. ಬರೆಯಲು ಮುಜುಗರವಾದರೂ ಆ ಮಾತನ್ನು ಅಕ್ಷರಶಃ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಟಪಾಲು ವಿಭಾಗದಲ್ಲಿ ಕೊಟ್ಟು, ತಮ್ಮ ಪ್ರತಿಯ ಮೇಲೆ ಮೊಹರು, ಕ್ರಮಸಂಖ್ಯೆ, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.

ಕೇಳಬೇಕಾದದ್ದು ಮೂರು: ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಬೇಕು, ಸದಸ್ಯರ ವಿವರಣೆ ನಡಾವಳಿಯಲ್ಲಿ ದಾಖಲಾಗಬೇಕು, ಸಭೆ ಒಪ್ಪಿದರೆ ಖಂಡನಾ ನಿರ್ಣಯ ಆಗಬೇಕು. ಖಂಡನಾ ನಿರ್ಣಯದಿಂದ ದಂಡ ಬೀಳುವುದಿಲ್ಲ, ಭತ್ಯೆಯೂ ನಿಲ್ಲುವುದಿಲ್ಲ. ಆದರೆ ಸರ್ಕಾರದ ಮುಂದೆ ಎಂದಾದರೂ ತೆಗೆದುಹಾಕುವ ಪ್ರಸ್ತಾವ ಹೋದರೆ ಅದರ ಜೊತೆ ಲಗತ್ತಿಸಲು ಇರುವ ಗಟ್ಟಿ ಕಾಗದ ಅದೊಂದೇ. ಅಧ್ಯಕ್ಷರು ವಿಷಯವನ್ನು ಕಾರ್ಯಸೂಚಿಗೆ ತರದಿದ್ದರೆ ತಾವು ಒಪ್ಪುವ ಇನ್ನೊಬ್ಬ ಸದಸ್ಯರ ಮೂಲಕ ಎತ್ತಿಸಿ. ಸಭೆ ಮುಗಿದ ಮೇಲೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಡಾವಳಿಯ ದೃಢೀಕೃತ ಪ್ರತಿ ಕೇಳಿ. 30 ದಿನಗಳೊಳಗೆ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು ಎಂಬುದನ್ನು ಮರೆಯಬೇಡಿ, ಈ ಕಾರಣಕ್ಕೆ ವಾಪಸು ಬರುವ ಅರ್ಜಿಗಳು ಕಡಿಮೆಯಲ್ಲ.

ವಿಷಾದದ ಹೇಳಿಕೆಯ ಬಗ್ಗೆ ಒಂದು ಮಾತು. "ನೋವಾಗಿದ್ದರೆ" ಎಂದಾಗ ತಪ್ಪು ಆಡಿದವರದಲ್ಲ, ನೊಂದುಕೊಂಡವರದು ಎಂದಾಗುತ್ತದೆ. ಇಂಥ ಮಾತು, ಇಂಥವರಿಗೆ ಆಡಿದ್ದು ತಪ್ಪು ಎಂದು ಅದೇ ವಾರ್ಡಿನ ಸಭೆಯಲ್ಲಿ, ಅದೇ ಮೈಕಿನಲ್ಲಿ ಹೇಳಲಿ ಎಂದು ಕೇಳುವ ಹಕ್ಕು ತಮಗಿದೆ. ಜೊತೆಗೆ ಅದೇ ದೂರಿನಲ್ಲಿ ನೀರು ಬಿಡುವ ವೇಳಾಪಟ್ಟಿಯನ್ನೂ ಲಿಖಿತವಾಗಿ ಕೇಳಿಬಿಡಿ. ಇಂಥ ಗಲಾಟೆಗಳಲ್ಲಿ ಸದಸ್ಯರಿಗೆ ಆಗುವ ದೊಡ್ಡ ಲಾಭವೆಂದರೆ ಊರು ಮಾತಿನ ಹಿಂದೆ ಹೋಗಿ ನಲ್ಲಿಯನ್ನು ಮರೆಯುತ್ತದೆ.

ಪ್ರಶ್ನೆ: ಶಾಸಕರು ಸದನದಲ್ಲಿ ಆಡಿದ ಮಾತಿಗೆ ಕೋರ್ಟಿನಲ್ಲಿ ಕೇಸು ಹಾಕಲಾಗದು ಎನ್ನುತ್ತಾರೆ. ಪಾಲಿಕೆ, ನಗರಸಭೆಯ ಸಭಾಂಗಣದಲ್ಲಿ ಆಡಿದ ಮಾತಿಗೂ ಆ ರಕ್ಷಣೆ ಇದೆಯೇ?
– ಕಾನೂನು ವಿದ್ಯಾರ್ಥಿ

ಉತ್ತರ: ಇಲ್ಲ. ಸಂವಿಧಾನದ 105ನೇ ವಿಧಿ ಸಂಸದರಿಗೆ, 194ನೇ ವಿಧಿ ರಾಜ್ಯ ಶಾಸನಸಭೆಗಳ ಸದಸ್ಯರಿಗೆ ಆ ರಕ್ಷಣೆ ಕೊಟ್ಟಿವೆ. 1992ರಲ್ಲಿ ಅಂಗೀಕಾರವಾದ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯಿತಿ, ನಗರಸಭೆಗಳಿಗೆ ಸಂವಿಧಾನದಲ್ಲಿ ಸ್ಥಾನ ಕೊಟ್ಟವೇ ಹೊರತು ಅವುಗಳ ಸದಸ್ಯರಿಗೆ ಅಂಥ ವಿಶೇಷ ಹಕ್ಕು ಕೊಡಲಿಲ್ಲ. ಅಧಿಕಾರಿಗಳ ಮೇಲೆ ಸಿಟ್ಟಾದಾಗ "ಹಕ್ಕುಚ್ಯುತಿ ಮಂಡಿಸುತ್ತೇನೆ" ಎಂದು ಗುಡುಗುವ ಕಾರ್ಪೊರೇಟರುಗಳನ್ನು ಕಂಡಾಗ ನನಗೆ ನಗು ಬರುತ್ತದೆ. ಸಂವಿಧಾನ ಕೊಡದ ಹಕ್ಕಿಗೆ ಚ್ಯುತಿ ಎಲ್ಲಿಂದ ಬರಬೇಕು? ಆದರೆ ಸಾರ್ವಜನಿಕ ಹಿತಕ್ಕಾಗಿ ಸದ್ಭಾವನೆಯಿಂದ ಆಡಿದ ಮಾತಿಗೆ ಮಾನನಷ್ಟದ ಕಾನೂನಿನಲ್ಲಿ ಎಲ್ಲರಿಗೂ ಇರುವ ವಿನಾಯಿತಿಗಳು ಅವರಿಗೂ ಇವೆ. ಹಾಗೆಯೇ ಮಾನನಷ್ಟದ ಕ್ರಿಮಿನಲ್ ದೂರನ್ನು, ಅಂದರೆ ನ್ಯಾಯ ಸಂಹಿತೆಯ 356ನೇ ಕಲಮಿನ ದೂರನ್ನು, ಬಾಧಿತರೇ ಮ್ಯಾಜಿಸ್ಟ್ರೇಟರ ಮುಂದೆ ಸಲ್ಲಿಸಬೇಕು. ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ. ಪರಿಹಾರ ಕೋರಿ ಸಿವಿಲ್ ದಾವೆ ಹೂಡುವುದಾದರೆ ಒಂದು ವರ್ಷದ ಒಳಗೆ ಹೂಡಬೇಕು.

ಪ್ರಶ್ನೆ: ನಮ್ಮ ಸಂಘದ ಪೌರಕಾರ್ಮಿಕ ಮಹಿಳೆಯೊಬ್ಬರಿಗೆ, ಕಸದ ಗಾಡಿ ತಡವಾಯಿತೆಂದು ಪುರಸಭಾ ಸದಸ್ಯರು ಬೆಳಿಗ್ಗೆ ನಡುಬೀದಿಯಲ್ಲಿ, ಅಂಗಡಿಯವರೆಲ್ಲ ನೋಡುತ್ತಿರುವಾಗ ಜಾತಿ ಹೆಸರು ಹಿಡಿದು ಬೈದರು. ಠಾಣೆಗೆ ಹೋದರೆ "ದೊಡ್ಡವರ ಸಹವಾಸ ಯಾಕೆ, ರಾಜಿ ಮಾಡಿಕೊಳ್ಳಿ" ಎನ್ನುತ್ತಾರೆ.
– ಪೌರಕಾರ್ಮಿಕರ ಸಂಘದ ಕಾರ್ಯಕರ್ತ

ಉತ್ತರ: ಇಲ್ಲಿ ಖಂಡನಾ ನಿರ್ಣಯ, ವಿಷಾದ ಇವೆಲ್ಲ ಆಮೇಲಿನ ಮಾತು. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರನ್ನು, ಆ ಸಮುದಾಯಗಳಿಗೆ ಸೇರದ ವ್ಯಕ್ತಿ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯುವುದು ಅಥವಾ ಅವಮಾನಿಸುವ ಉದ್ದೇಶದಿಂದ ನಿಂದಿಸುವುದು ದೌರ್ಜನ್ಯ ತಡೆ ಅಧಿನಿಯಮ, 1989ರ ಅಡಿ ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗಿನ ಸಜೆ ಮತ್ತು ದಂಡ. ನಾಲ್ಕು ಗೋಡೆಯ ಒಳಗೆ, ಸಾಕ್ಷಿಗಳಿಲ್ಲದೆ ಆಡಿದ ಮಾತು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾವು ಬರೆದಿರುವುದು ನಡುಬೀದಿಯ ಘಟನೆಯಾದ್ದರಿಂದ ಆ ತೊಡಕಿಲ್ಲ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿ ಸ್ಪಷ್ಟಪಡಿಸಿದೆ. ತನಿಖೆಯನ್ನು ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಡೆಸಬೇಕು, 60 ದಿನಗಳಲ್ಲಿ ಮುಗಿಸಬೇಕು.

ರಾಜಿ ಮಾಡಿಸುವುದು ಠಾಣಾಧಿಕಾರಿಯ ಕೆಲಸವಲ್ಲ. ದೂರುದಾರರ ಬಾಯಿಮಾತಿನ ದೂರನ್ನು ಬರೆದುಕೊಂಡು, ಅವರಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಂಡು, ಎಫ್‌ಐಆರ್‌ನ ಪ್ರತಿ ಕೊಡುವುದು ಅವರ ಕರ್ತವ್ಯ. ಬೇಕೆಂದೇ ಈ ಕರ್ತವ್ಯ ತಪ್ಪಿಸುವ ಅಧಿಕಾರಿಗೂ ಅದೇ ಕಾಯ್ದೆಯ 4ನೇ ಕಲಮಿನಲ್ಲಿ ಶಿಕ್ಷೆ ಇದೆ. ಠಾಣೆಯಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ದೂರು ಕಳುಹಿಸಿ, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೂ ಪ್ರತಿ ಹೋಗಲಿ. ಸಂಘದ ಲೆಟರ್‌ಹೆಡ್ಡಿನಲ್ಲಿ ಸಂಘವೇ ದೂರು ಕೊಡುವುದಕ್ಕಿಂತ ಆ ತಾಯಿಯೇ ದೂರುದಾರರಾಗುವುದು, ಸಂಘ ಬೆನ್ನಿಗೆ ನಿಲ್ಲುವುದು ಒಳ್ಳೆಯದು. ಪರಿಹಾರ ಧನದ ಮೊದಲ ಕಂತು ಎಫ್‌ಐಆರ್ ಹಂತದಲ್ಲೇ ಸಿಗಬೇಕು, ಅದನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ನೋಡಿದ ಅಂಗಡಿಯವರಲ್ಲಿ ಒಬ್ಬರಾದರೂ ಹೇಳಿಕೆ ಕೊಡಲು ಒಪ್ಪುವಂತೆ ಮೊದಲ ವಾರದಲ್ಲೇ ಮಾತಾಡಿಕೊಳ್ಳಿ. ತಿಂಗಳು ಕಳೆದರೆ "ನಾನು ಶಟರ್ ಎತ್ತುತ್ತಿದ್ದೆ, ಸರಿಯಾಗಿ ಕೇಳಿಸಲಿಲ್ಲ" ಎನ್ನುತ್ತಾರೆ. ಅವರಿಗೂ ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಅದೇ ಪುರಸಭೆಗೆ ಹೋಗಬೇಕಲ್ಲ.

ಪ್ರಶ್ನೆ: ಉತ್ಸವವೊಂದರ ವೇದಿಕೆಯಲ್ಲಿ ನಮ್ಮ ವಾರ್ಡಿನ ಸದಸ್ಯರು ಒಂದು ಸಮುದಾಯದವರ ಅಂಗಡಿಗೆ ಯಾರೂ ಹೋಗಬಾರದು, ಅವರನ್ನು ಊರಿನಿಂದ ಓಡಿಸಬೇಕು ಎಂದು ಭಾಷಣ ಮಾಡಿದರು. ಎಫ್‌ಐಆರ್ ಆದರೆ ಅವರ ಸದಸ್ಯತ್ವ ಹೋಗುತ್ತದೆಯೇ?
– ಬಟ್ಟೆ ವ್ಯಾಪಾರಿ

ಉತ್ತರ: ಎಫ್‌ಐಆರ್‌ನಿಂದ ಹೋಗುವುದಿಲ್ಲ, ಶಿಕ್ಷೆಯಾದರೆ ಹೋಗುತ್ತದೆ. ಸಂವಿಧಾನದ 243ವಿ ವಿಧಿಯ ಪ್ರಕಾರ, ಶಾಸಕರಾಗಲು ಕಾನೂನಿನಲ್ಲಿ ಅನರ್ಹರಾದವರು ನಗರಸಭೆ ಸದಸ್ಯರಾಗಲೂ, ಸದಸ್ಯರಾಗಿ ಮುಂದುವರಿಯಲೂ ಅನರ್ಹರು. ವಯಸ್ಸಿನ ಮಿತಿಯಲ್ಲಿ ಮಾತ್ರ ವ್ಯತ್ಯಾಸ, ಇಲ್ಲಿ 21 ತುಂಬಿದರೆ ಸಾಕು. ಶಾಸಕರ ಅನರ್ಹತೆಯನ್ನು ಹೇಳುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 8ನೇ ಕಲಂ. ಸಮುದಾಯಗಳ ನಡುವೆ ದ್ವೇಷ ಬಿತ್ತುವ ಅಪರಾಧ, ಅಂದರೆ ಹಳೆಯ ದಂಡ ಸಂಹಿತೆಯ 153ಎ, ಈಗಿನ ನ್ಯಾಯ ಸಂಹಿತೆಯ 196, ಆ ಕಲಮಿನ ಮೊದಲ ಪಟ್ಟಿಯಲ್ಲೇ ಇದೆ. ಬರೀ ದಂಡ ಹಾಕಿದರೂ ಆರು ವರ್ಷ ಅನರ್ಹತೆ. ಜೈಲಾದರೆ ಬಿಡುಗಡೆಯ ನಂತರ ಮತ್ತೆ ಆರು ವರ್ಷ. ಪಟ್ಟಿಯಲ್ಲಿಲ್ಲದ ಇತರ ಅಪರಾಧಗಳಿಗೆ ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷದ ಸಜೆಯಾಗಿರಬೇಕು. ದೌರ್ಜನ್ಯ ತಡೆ ಕಾಯ್ದೆ ಆ ಪಟ್ಟಿಯಲ್ಲಿಲ್ಲ ಎಂಬುದು ನನಗೆ ಎಂದೂ ಅರ್ಥವಾಗದ ಸಂಗತಿ. ಜಾತಿ ಹಿಡಿದು ಬೈದು ಒಂದು ವರ್ಷ ಸಜೆಯಾದವರು ಈ 8ನೇ ಕಲಮಿಗೆ ಸಿಗದೆ ಸದಸ್ಯರಾಗಿಯೇ ಉಳಿಯಬಹುದು.

ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಬೇಕೇ ಎಂದರೆ, ಹೌದು. ದ್ವೇಷ ಭಾಷಣದ ವಿಷಯದಲ್ಲಿ ದೂರಿಗಾಗಿ ಕಾಯದೆ, ಆಡಿದವರ ಧರ್ಮ ನೋಡದೆ ಎಫ್‌ಐಆರ್ ದಾಖಲಿಸಬೇಕೆಂದು 2022ರ ಅಕ್ಟೋಬರಿನಲ್ಲಿ ಮೂರು ಆಡಳಿತಗಳಿಗೆ ಕೊಟ್ಟ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಹಾಗಿದ್ದೂ ಠಾಣೆಯಲ್ಲಿ ಸ್ವೀಕರಿಸದಿದ್ದರೆ, ಕ್ರಿಮಿನಲ್ ಪ್ರಕರಣಗಳ ಕಾರ್ಯವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಎಸ್ಪಿಗೆ ಬರೆಯಿರಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಿ. ಆದರೆ ಇಂಥ ಪ್ರಕರಣಗಳು ಮಲಗುವುದು ಠಾಣೆಯಲ್ಲಿ ಮಾತ್ರವಲ್ಲ. 196ನೇ ಕಲಮಿನ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ತನಿಖೆ ಮುಗಿದು, ಅನುಮತಿಯ ಕಡತ ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗಲೇ ಸದಸ್ಯರ ಐದು ವರ್ಷದ ಅವಧಿ ಕಳೆದುಹೋಗುತ್ತದೆ. ಆದ್ದರಿಂದ ಎಫ್‌ಐಆರ್ ಆಯಿತೆಂದು ಸಮಾಧಾನಪಟ್ಟುಕೊಳ್ಳದೆ, ಅನುಮತಿ ಕೋರಿ ಪ್ರಸ್ತಾವ ಯಾವ ದಿನ ಹೋಯಿತು, ಯಾರ ಬಳಿ ಇದೆ ಎಂದು ಪ್ರತಿ ಎರಡು ತಿಂಗಳಿಗೊಮ್ಮೆ ಲಿಖಿತವಾಗಿ ಕೇಳುತ್ತಿರಿ. ಇನ್ನೊಂದು ವಿಷಯ: ಸಂಸದರು, ಶಾಸಕರಿಗಾಗಿ ಇರುವ ವಿಶೇಷ ನ್ಯಾಯಾಲಯ ನಗರಸಭಾ ಸದಸ್ಯರಿಗೆ ಅನ್ವಯಿಸದು, ಅವರ ಪ್ರಕರಣ ಸ್ಥಳೀಯ ನ್ಯಾಯಾಲಯದಲ್ಲೇ, ಉಳಿದ ಪ್ರಕರಣಗಳ ಸಾಲಿನಲ್ಲೇ ನಿಲ್ಲುತ್ತದೆ.

ಪ್ರಶ್ನೆ: ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸದಸ್ಯರೊಬ್ಬರು ಅಂಗವಿಕಲರನ್ನು ಗೇಲಿ ಮಾಡುವ ಸಂದೇಶ ಹಾಕಿ, ಆಕ್ಷೇಪಿಸಿದಾಗ "ಇದು ನನ್ನ ಖಾಸಗಿ ನಂಬರು, ನಗರಸಭೆಗೂ ಇದಕ್ಕೂ ಸಂಬಂಧವಿಲ್ಲ" ಎಂದರು. ಇದು ಸರಿಯೇ?
– ಬ್ಯಾಂಕ್ ಉದ್ಯೋಗಿ

ಉತ್ತರ: ಅಪರಾಧವಾಗುವ ಮಾತಿಗೆ ಖಾಸಗಿ ನಂಬರು, ಸರ್ಕಾರಿ ನಂಬರು ಎಂಬ ಭೇದವಿಲ್ಲ. ಆದರೆ ಅಪರಾಧದ ಮಟ್ಟಕ್ಕೆ ಹೋಗದ ಕೀಳು ಮಾತಿನ ವಿಷಯದಲ್ಲಿ ಆ ಸದಸ್ಯರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಲಂಡನ್ ಮೇಯರ್ ಆಗಿದ್ದ ಕೆನ್ ಲಿವಿಂಗ್‌ಸ್ಟನ್ 2005ರಲ್ಲಿ ಸಂತೋಷಕೂಟವೊಂದರಿಂದ ಹೊರಬರುತ್ತಿದ್ದಾಗ ಪ್ರಶ್ನೆ ಕೇಳಿದ ಯಹೂದಿ ಪತ್ರಕರ್ತರೊಬ್ಬರನ್ನು ನಾಜಿ ಯಾತನಾ ಶಿಬಿರದ ಕಾವಲುಗಾರನಿಗೆ ಹೋಲಿಸಿದರು. ಶಿಸ್ತು ಮಂಡಳಿ ಅವರನ್ನು ನಾಲ್ಕು ವಾರ ಅಮಾನತು ಮಾಡಿತು. ಮಾತು ಸಮರ್ಥಿಸಿಕೊಳ್ಳಲಾಗದಂಥದ್ದೇ ಆದರೂ ಆಗ ಅವರು ಮೇಯರ್ ಕೆಲಸದಲ್ಲಿರಲಿಲ್ಲ ಎಂದು ಅಲ್ಲಿನ ಹೈಕೋರ್ಟ್ 2006ರಲ್ಲಿ ಆ ಅಮಾನತನ್ನು ರದ್ದುಪಡಿಸಿತು. ನಮ್ಮ ಪುರಸಭೆಗಳ ಅಧಿನಿಯಮ "ಕರ್ತವ್ಯ ನಿರ್ವಹಣೆಯಲ್ಲಿ ದುರ್ನಡತೆ"ಯ ಜೊತೆಗೆ "ನಾಚಿಕೆಗೇಡಿನ ನಡತೆ"ಯನ್ನೂ ಬೇರೆಯಾಗಿ ಹೇಳಿರುವುದರಿಂದ ಆ ಗೋಡೆ ನಮ್ಮಲ್ಲಿ ಅಷ್ಟು ಎತ್ತರವಿಲ್ಲ ಎಂದು ನಾನು ಓದುತ್ತೇನೆ. ಅಲ್ಲದೆ ತಮ್ಮ ಗುಂಪಿನಲ್ಲಿ ಬೀದಿದೀಪ, ಒಳಚರಂಡಿಯ ದೂರುಗಳಿಗೆ ಅದೇ ನಂಬರಿನಿಂದ ಉತ್ತರ ಬರುತ್ತಿದ್ದರೆ ಅದು ಖಾಸಗಿ ಎಂಬ ವಾದ ಅಲ್ಲಿಗೇ ಮುಗಿಯಿತು. ಆ ಸಂದೇಶಗಳನ್ನೂ ಕಾದಿಟ್ಟುಕೊಳ್ಳಿ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಡಿ ಕೇಸು ಹಾಕಿಸಿ ಎಂದು ಈಗಲೂ ಸಲಹೆ ಕೊಡುವವರಿದ್ದಾರೆ. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಸಾಕ್ಷ್ಯದ ಬಗ್ಗೆ ಹೇಳುವುದಾದರೆ, ಫಾರ್ವರ್ಡ್ ಆಗಿ ಬಂದ ತುಣುಕಿಗಿಂತ ಮೊದಲು ಸಂದೇಶ ಬಂದ ಫೋನೇ ಮುಖ್ಯ. ನಂಬರು, ಗುಂಪಿನ ಹೆಸರು, ದಿನಾಂಕ, ಹಿಂದುಮುಂದಿನ ಸಂದೇಶಗಳು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಮೂಲ ಸಂದೇಶವನ್ನು ಅಳಿಸದೆ ಬಿಡಿ. ಪ್ರತಿಯನ್ನು ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತನ್ನೂ, ನಮೂದಿಸಬೇಕು. ಆ ಗುಂಪಿನಲ್ಲಿದ್ದವರಲ್ಲಿ ಅಂಗವಿಕಲ ವ್ಯಕ್ತಿ ಅಥವಾ ಅವರ ಪೋಷಕರು ಇದ್ದರೆ, ದೂರು ಅವರಿಂದ ಬರಲಿ.

ಪ್ರಶ್ನೆ: ನಾನೇ ಒಬ್ಬ ನಗರಸಭಾ ಸದಸ್ಯ. ಎಂಜಿನಿಯರೊಬ್ಬರು ಒಂದು ರಸ್ತೆಯ ಕಡತವನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದರಿಂದ ಸಾಮಾನ್ಯ ಸಭೆಯಲ್ಲಿ "ಇವರು ಕೈಲಾಗದವರು, ಕಡತ ತಲೆದಿಂಬು ಮಾಡಿಕೊಂಡು ಮಲಗಿದ್ದಾರೆ" ಎಂದೆ. ನೌಕರರು ಕಪ್ಪುಪಟ್ಟಿ ಧರಿಸಿ ನನ್ನ ವಿರುದ್ಧ ಕ್ರಮಕ್ಕೆ ಒತ್ತಾಯಿಸುತ್ತಿದ್ದಾರೆ. ಇನ್ನು ನಾವು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೇ?
– ನೊಂದ ಸದಸ್ಯ

ಉತ್ತರ: ಬೇಡ, ದಯವಿಟ್ಟು ಬೇಡ. ಕಡತ ಏಕೆ ನಿಂತಿದೆ ಎಂದು ಜೋರು ದನಿಯಲ್ಲಿ ಕೇಳಲೆಂದೇ ಜನ ತಮ್ಮನ್ನು ಕಳುಹಿಸಿದ್ದಾರೆ. ತಾವು ಬರೆದಿರುವಷ್ಟೇ ಆಗಿದ್ದರೆ ಅದು ಕೆಲಸದ ಟೀಕೆ, ಚುಚ್ಚುವಂತಿದೆ, ಅಷ್ಟೆ. ಮಾತಿನ ಪರಿಣಾಮವನ್ನು ಸ್ಥಿರಚಿತ್ತರಾದ ಸಾಮಾನ್ಯ ವಿವೇಕಿಗಳ ಮಟ್ಟದಿಂದ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ಮಟ್ಟದಿಂದಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಕವಿತೆಯೊಂದರ ಪ್ರಕರಣದಲ್ಲಿ ಹೇಳಿದೆ. ಸಾರ್ವಜನಿಕ ಹುದ್ದೆಯಲ್ಲಿರುವವರ ಮಾತಿನ ಮೇಲೆ, ವಾಕ್ ಸ್ವಾತಂತ್ರ್ಯದ ಮಿತಿಗಳನ್ನು ಹೇಳುವ ಸಂವಿಧಾನದ 19(2)ನೇ ವಿಧಿಯಲ್ಲಿನ ಕಾರಣಗಳನ್ನು ಮೀರಿ ಹೊಸ ನಿರ್ಬಂಧ ಹೇರಲಾಗದು ಎಂದು 2023ರ ಜನವರಿ 3ರಂದು ಐವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿದೆ. ಕೆಟ್ಟ ಮಾತಿನ ವಿರುದ್ಧದ ಕಾನೂನು ಹೇಗೆ ಬೀಸಬಹುದೆಂಬುದಕ್ಕೆ ದೂರ ಹೋಗಬೇಕಿಲ್ಲ: 2019ರಲ್ಲಿ ಕೋಲಾರದಲ್ಲಿ ಮಾಡಿದ ಭಾಷಣಕ್ಕಾಗಿ ರಾಹುಲ್ ಗಾಂಧಿ ಅವರಿಗೆ 2023ರಲ್ಲಿ ಸೂರತ್ತಿನ ನ್ಯಾಯಾಲಯ ಮಾನನಷ್ಟಕ್ಕೆ ಇರುವ ಗರಿಷ್ಠ ಶಿಕ್ಷೆಯಾದ ಎರಡು ವರ್ಷ ಸಜೆ ವಿಧಿಸಿತು, ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲವೆಂದು ಸುಪ್ರೀಂ ಕೋರ್ಟ್ ಆಗಸ್ಟಿನಲ್ಲಿ ದೋಷನಿರ್ಣಯಕ್ಕೆ ತಡೆ ಕೊಟ್ಟ ಮೇಲಷ್ಟೇ ಅದು ಮರಳಿತು. ಪಕ್ಷ ಯಾವುದೆಂಬುದು ಬೇರೆ ಮಾತು. ಒಂದು ದಿನ ಕಡಿಮೆಯಾಗಿದ್ದರೂ ಸದಸ್ಯತ್ವ ಹೋಗುತ್ತಿರಲಿಲ್ಲ ಎಂಬುದನ್ನು ಗಮನಿಸಿ.

ಆದರೂ ತಮ್ಮ ಮಾತನ್ನು ತಾವೇ ಒಮ್ಮೆ ಬರೆದು ನೋಡಿ. "ಇಂಥ ದಿನಾಂಕದ ಕಡತ ಇಷ್ಟು ತಿಂಗಳಿನಿಂದ ತಮ್ಮ ಮೇಜಿನ ಮೇಲಿದೆ, ಕಾರಣವನ್ನು ನಡಾವಳಿಯಲ್ಲಿ ಬರೆಸಿ" ಎಂದಿದ್ದರೆ ಕಪ್ಪುಪಟ್ಟಿಗೆ ಅವಕಾಶವೇ ಇರುತ್ತಿರಲಿಲ್ಲ, ಎಂಜಿನಿಯರ್ ಉತ್ತರ ಕೊಡದೆ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಜಾತಿ, ಮೈಬಣ್ಣ, ಮನೆಯವರು, ಹೆಣ್ತನ, ಅಂಗವೈಕಲ್ಯ ಇವು ಕಡತಕ್ಕೆ ಸಂಬಂಧಿಸಿದವಲ್ಲ, ಅಲ್ಲಿಗೆ ನಾಲಿಗೆ ಹೋದರೆ ನಾನು ನೌಕರರ ಪಕ್ಷ. ಮಹಿಳಾ ಸಿಬ್ಬಂದಿಯ ಬಗ್ಗೆ ಲೈಂಗಿಕ ಧಾಟಿಯ ಮಾತಾಡಿದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ದೂರು ಕೊಡಬಹುದು ಎಂಬುದನ್ನು ತಮ್ಮ ಸಹಸದಸ್ಯರಿಗೂ ತಿಳಿಸಿ.

ತಮ್ಮಂಥವರು ಮಾಡಬಹುದಾದ ಕೆಲಸ ಇನ್ನೊಂದಿದೆ: ಸದಸ್ಯರಿಗೊಂದು ನಡತೆ ಸಂಹಿತೆ ಬೇಕೆಂದು ಸಭೆಯಲ್ಲಿ ತಾವೇ ನಿರ್ಣಯ ಮಂಡಿಸಿ. 2023ರ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಪ್ರತ್ಯೇಕವಾಗಿ ಬರೆಯುತ್ತ, ತಮ್ಮ ಪದಾಧಿಕಾರಿಗಳ ಮಾತನ್ನು ಪಕ್ಷಗಳೇ ಸಂಹಿತೆಯೊಂದರ ಮೂಲಕ ಹತೋಟಿಯಲ್ಲಿಡಬೇಕು ಎಂದಿದ್ದಾರೆ. ಪಕ್ಷಗಳಿಗಾಗಿ ಕಾಯಬೇಕಿಲ್ಲ. ಆದರೆ ಬರೀ ಸಂಹಿತೆ ಬರೆದು ಗೋಡೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ ಎಂಬುದಕ್ಕೆ ಇಂಗ್ಲೆಂಡ್ ಸಾಕ್ಷಿ: 2011ರ ಕಾಯ್ದೆ ಅಲ್ಲಿನ ಪ್ರತಿ ಕೌನ್ಸಿಲಿಗೂ ಸಂಹಿತೆಯನ್ನು ಕಡ್ಡಾಯ ಮಾಡಿತು, ಜೊತೆಗೇ ಅಮಾನತಿನ ಅಧಿಕಾರವನ್ನು ಕಿತ್ತುಕೊಂಡಿತು. ಪಕ್ಕದ ವೇಲ್ಸಿನಲ್ಲಿ ಸ್ವತಂತ್ರ ಓಂಬುಡ್ಸ್‌ಮನ್ ತನಿಖೆ ಮಾಡಿ, ನ್ಯಾಯಮಂಡಳಿ ಅಮಾನತು ಮಾಡುವ ಪದ್ಧತಿ ಉಳಿದಿದೆ. ದೂರನ್ನು ಬಹುಮತದ ಪಕ್ಷವೇ ವಿಚಾರಿಸುವ ವ್ಯವಸ್ಥೆಗಿಂತ ಹೊರಗಿನವರು ಗೊತ್ತಾದ ದಿನದೊಳಗೆ ವಿಚಾರಿಸುವ ವೇಲ್ಸಿನ ದಾರಿಯೇ ನನಗೆ ಮೇಲೆನಿಸುತ್ತದೆ, ಅದಕ್ಕೆ ರಾಜ್ಯ ಕಾಯ್ದೆಗೆ ತಿದ್ದುಪಡಿ ಬೇಕು.

ಪ್ರಶ್ನೆ: ಕೆಟ್ಟ ಮಾತಾಡಿದ ಸದಸ್ಯರನ್ನು ಪಕ್ಷ ಉಚ್ಚಾಟಿಸಿದೆ. ಹಾಗಾದರೆ ಸ್ಥಾನ ತೆರವಾಯಿತೇ? ಮತದಾರರೇ ವಾಪಸು ಕರೆಸಿಕೊಳ್ಳಬಹುದೇ?
– ಹಾಲಿನ ಡೇರಿ ಕಾರ್ಯದರ್ಶಿ

ಉತ್ತರ: ಎರಡಕ್ಕೂ ಇಲ್ಲವೆಂದೇ ಉತ್ತರ. ಉಚ್ಚಾಟನೆ ಪಕ್ಷದೊಳಗಿನ ವಿಷಯ, ಅದರಿಂದ ಸದಸ್ಯತ್ವ ಹೋಗುವುದಿಲ್ಲ; ಎಷ್ಟೋ ಸಲ ಆರು ತಿಂಗಳಿಗೆ ಹಾರ ಹಾಕಿ ಮರಳಿ ಕರೆದುಕೊಂಡದ್ದೂ ಉಂಟು. ಮಧ್ಯಪ್ರದೇಶ, ಛತ್ತೀಸ್‌ಗಢದ ಕಾಯ್ದೆಗಳಲ್ಲಿ ನಗರಸಭೆಯ ಅಧ್ಯಕ್ಷರನ್ನು ಮತದಾರರು ವಾಪಸು ಕರೆಸುವ ಅವಕಾಶ ಕಲ್ಪಿಸಲಾಗಿತ್ತು, ನಮ್ಮ ರಾಜ್ಯದ ನಗರಸಭಾ ಸದಸ್ಯರ ವಿಷಯದಲ್ಲಿ ಅಂಥದ್ದಿಲ್ಲ. ಚುನಾವಣೆ ಬಂದಾಗ ಅಭ್ಯರ್ಥಿಗಳು ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರವನ್ನು ಓದಿ. ತಮಿಳುನಾಡಿನ ಪಂಚಾಯಿತಿ ಚುನಾವಣೆಯೊಂದರ ಪ್ರಕರಣದಲ್ಲಿ, ಗಂಭೀರ ಕ್ರಿಮಿನಲ್ ಪ್ರಕರಣಗಳನ್ನು ಮುಚ್ಚಿಡುವುದು ಚುನಾವಣೆಯನ್ನೇ ಅಸಿಂಧುಗೊಳಿಸುವ ಭ್ರಷ್ಟ ಆಚರಣೆ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಆದ್ದರಿಂದ ತಮ್ಮ ಸದಸ್ಯರ ಮೇಲಿನ ಪ್ರಕರಣದ ಅಪರಾಧ ಸಂಖ್ಯೆ ಮತ್ತು ನ್ಯಾಯಾಲಯದ ಸಿ.ಸಿ. (ಕ್ರಿಮಿನಲ್ ಪ್ರಕರಣ) ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ.